ಹಾನ್ಸ್ ವಿಲ್ಸ್‌ಡಾರ್ಫ್

ಹಾನ್ಸ್ ವಿಲ್ಸ್‌ಡಾರ್ಫ್ (22 ಮಾರ್ಚ್ 1881 – 6 ಜುಲೈ 1960) ಜರ್ಮನಿಯಲ್ಲಿ ಜನಿಸಿ, ಇಂಗ್ಲೆಂಡಿನಲ್ಲಿ ವ್ಯಾಪಾರ ಆರಂಭಿಸಿ, ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ ಉದ್ಯಮಿ. ರೋಲೆಕ್ಸ್ ಹಾಗೂ ಟ್ಯೂಡರ್ ಗಡಿಯಾರ ಸಂಸ್ಥೆಗಳ ಸ್ಥಾಪಕರು. ಅವರು ವೃತ್ತಿಯಿಂದ ಗಡಿಯಾರ ತಯಾರಕರಾಗಿರಲಿಲ್ಲ. ಕೈಗಡಿಯಾರದ ಹೆಸರಿನಲ್ಲಿ ಇಂದು ಪರಿಚಿತವಾಗಿರುವ ಮುಖ್ಯ ಆವಿಷ್ಕಾರಗಳಲ್ಲಿ ಯಾವುದೂ ಅವರ ಕೈಯಿಂದ ರೂಪುಗೊಂಡದ್ದಲ್ಲ. ಆದರೂ ಹೆಂಗಸರ ಬಳೆಯೆಂದು ಗಂಡಸರು ನಗುತ್ತಿದ್ದ ವಸ್ತುವೊಂದನ್ನು ನಿಖರತೆಯ ಸಾಧನವೆಂದು ಜಗತ್ತು ಒಪ್ಪಿಕೊಳ್ಳುವಂತೆ ಮಾಡಿದವರಲ್ಲಿ ಅವರ ಸ್ಥಾನ ದೊಡ್ಡದು. ಅವರ ಕಾಲದಲ್ಲಿ ನಿಧಾನವಾಗಿ ಮಾರಾಟವಾಗುತ್ತಿದ್ದ ರೋಲೆಕ್ಸ್ ಕ್ರೋನೋಗ್ರಾಫ್ ಕೈಗಡಿಯಾರಗಳು ಇಂದು ಹಳೆಯ ಗಡಿಯಾರಗಳ ಸಂಗ್ರಾಹಕರು ಅತಿ ಹೆಚ್ಚು ಬೆಲೆ ತೆತ್ತು ಕೊಳ್ಳುವ ವಸ್ತುಗಳ ಸಾಲಿನಲ್ಲಿವೆ.

ಬಾಲ್ಯ ಮತ್ತು ಶಿಕ್ಷಣ

ವಿಲ್ಸ್‌ಡಾರ್ಫ್ ಅವರು ಬವೇರಿಯ ಪ್ರಾಂತದ ಕುಲ್ಮ್‌ಬಾಖ್ ಪಟ್ಟಣದಲ್ಲಿ ಪ್ರಾಟೆಸ್ಟೆಂಟ್ ಕುಟುಂಬವೊಂದರಲ್ಲಿ ಜನಿಸಿದರು. ಮೂವರು ಮಕ್ಕಳಲ್ಲಿ ಅವರು ಎರಡನೆಯವರು. ಮೊದಲು ತಾಯಿ, ಅನಂತರ ತಂದೆ ತೀರಿಕೊಂಡಾಗ ಅವರಿಗೆ ಹನ್ನೆರಡು ವರ್ಷ ವಯಸ್ಸು. ತಾಯಿಯ ಕಡೆಯ ಸೋದರಮಾವಂದಿರು ಕುಟುಂಬದ ಕಬ್ಬಿಣ ಸಾಮಾನಿನ ವ್ಯಾಪಾರವನ್ನು ಮಾರಿ, ಬಂದ ಹಣವನ್ನು ಮಕ್ಕಳ ಭವಿಷ್ಯಕ್ಕೆಂದು ಕಾಯ್ದಿರಿಸಿ, ಅವರನ್ನು ಕೋಬುರ್ಗ್ ನಗರದ ವಸತಿಶಾಲೆಗೆ ಸೇರಿಸಿದರು. ಅಲ್ಲಿ ಗಣಿತ ಮತ್ತು ಭಾಷೆಗಳಲ್ಲಿ ಹಾನ್ಸ್ ಮುಂದಿದ್ದರು. ತಮ್ಮನ್ನು ತಾವೇ ನೋಡಿಕೊಳ್ಳಬೇಕೆಂಬ ಸ್ವಭಾವ ಮೂಡಿದ್ದು ಈ ದಿನಗಳಲ್ಲಿ ಎಂದು ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ತಬ್ಬಲಿತನದ ಈ ಅನುಭವ ಅವರ ಕೊನೆಗಾಲದ ಒಂದು ಮುಖ್ಯ ನಿರ್ಧಾರದ ಹಿಂದೆಯೂ ಇದ್ದಿರಬೇಕೆಂದು ಜೀವನಚರಿತ್ರೆಕಾರರು ಊಹಿಸುವುದುಂಟು.

ಶಾಲೆ ಮುಗಿಸಿದ ಮೇಲೆ ಜಿನೀವಾದಲ್ಲಿ ಮುತ್ತಿನ ರಫ್ತು ವ್ಯಾಪಾರ ನಡೆಸುತ್ತಿದ್ದ ಮಳಿಗೆಯೊಂದರಲ್ಲಿ ಕೆಲಸ ಕಲಿತರು. 1900ರಲ್ಲಿ ಸ್ವಿಸ್ ಗಡಿಯಾರ ಉದ್ಯಮದ ಕೇಂದ್ರಗಳಲ್ಲೊಂದಾದ ಲಾ ಶೋ-ದ-ಫೋಂ ಪಟ್ಟಣಕ್ಕೆ ಹೋಗಿ, ಕೂನೋ ಕೋರ್ಟೆನ್ ಎಂಬ ರಫ್ತು ಸಂಸ್ಥೆಯಲ್ಲಿ ಇಂಗ್ಲಿಷ್ ಪತ್ರವ್ಯವಹಾರದ ಗುಮಾಸ್ತರಾಗಿ ಸೇರಿದರು. ಪತ್ರ ಬರೆಯುವುದರ ಜೊತೆಗೆ ನೂರಾರು ಜೇಬುಗಡಿಯಾರಗಳಿಗೆ ದಿನವೂ ಕೀಲಿ ಕೊಟ್ಟು, ಅವು ಸರಿಯಾದ ವೇಳೆ ತೋರಿಸುತ್ತವೆಯೇ ಎಂದು ಪರೀಕ್ಷಿಸುವುದೂ ಅವರ ಪಾಲಿನ ಕೆಲಸವಾಗಿತ್ತು. ಒಂದೇ ಕಾರ್ಖಾನೆಯಿಂದ ಹೊರಬಂದ ಎರಡು ಗಡಿಯಾರಗಳು ಒಂದೇ ರೀತಿ ನಡೆಯುವುದಿಲ್ಲ, ಅಳೆದು ನೋಡಿದ ಹೊರತು ಒಳ್ಳೆಯದು ಯಾವುದು ಎಂದು ಹೇಳಲಾಗದು ಎಂಬ ತಿಳಿವಳಿಕೆ ಅವರಿಗೆ ಬಂದದ್ದು ಈ ಬೇಸರದ ಕೆಲಸದಿಂದ.

ಲಂಡನ್ ಮತ್ತು ಕೈಗಡಿಯಾರ

1903ರಲ್ಲಿ ಲಂಡನ್ನಿಗೆ ತೆರಳಿದ ವಿಲ್ಸ್‌ಡಾರ್ಫ್, 1905ರಲ್ಲಿ ತಮ್ಮ ಸಹೋದರಿಯ ಪತಿ ಆಲ್ಫ್ರೆಡ್ ಡೇವಿಸ್ ಅವರೊಂದಿಗೆ ವಿಲ್ಸ್‌ಡಾರ್ಫ್ ಅಂಡ್ ಡೇವಿಸ್ ಎಂಬ ಸಂಸ್ಥೆಯನ್ನು ಆಭರಣ ವ್ಯಾಪಾರಕ್ಕೆ ಹೆಸರಾದ ಹ್ಯಾಟನ್ ಗಾರ್ಡನ್ ಬೀದಿಯಲ್ಲಿ ತೆರೆದರು. ಸ್ವಿಸ್ ಯಂತ್ರಭಾಗಗಳನ್ನು ತರಿಸಿ, ಕವಚಗಳಲ್ಲಿ ಕೂರಿಸಿ, ಬ್ರಿಟಿಷ್ ಆಭರಣದಂಗಡಿಗಳಿಗೆ ಒದಗಿಸುವುದು ಇದರ ವ್ಯವಹಾರವಾಗಿತ್ತು.

ಆ ಕಾಲಕ್ಕೆ ಗೌರವಸ್ಥ ಗಂಡಸು ಗಡಿಯಾರವನ್ನು ಕೋಟಿನ ಜೇಬಿನಲ್ಲಿ ಸರಪಳಿಗೆ ಕಟ್ಟಿ ಇಟ್ಟುಕೊಳ್ಳುತ್ತಿದ್ದ. ಮಣಿಕಟ್ಟಿನ ಗಡಿಯಾರ ಹೆಂಗಸರ ಒಡವೆ ಎಂಬ ಭಾವನೆ ಬಲವಾಗಿತ್ತು. ಗಡಿಯಾರ ತಯಾರಕರಿಗೂ ಅದರಲ್ಲಿ ನಂಬಿಕೆಯಿರಲಿಲ್ಲ. ಅದಕ್ಕೆ ಕಾರಣಗಳೂ ಇದ್ದವು. ಯಂತ್ರ ಚಿಕ್ಕದಾದಷ್ಟೂ ನಿಖರತೆ ಕಡಿಮೆ. ಕೈಯ ಬೀಸಾಟವನ್ನು ತೂಗುಚಕ್ರ ತಾಳಲಾರದು. ಧೂಳು ಮತ್ತು ಬೆವರು ಒಳಗಿಳಿದು ಎಣ್ಣೆಯನ್ನು ಕೆಡಿಸುತ್ತವೆ. ಮೂರೂ ಆಕ್ಷೇಪಗಳು ಅಂದಿನ ಮಟ್ಟಿಗೆ ನಿಜವೇ ಆಗಿದ್ದವು. ವಿಲ್ಸ್‌ಡಾರ್ಫ್ ಅವರ ಮುಂದಿನ ಇಪ್ಪತ್ತೈದು ವರ್ಷಗಳ ಉದ್ಯಮಜೀವನವನ್ನು ಈ ಮೂರು ಆಕ್ಷೇಪಗಳಿಗೆ ಒಂದೊಂದಾಗಿ ಉತ್ತರ ಹುಡುಕಿದ ಕಥೆಯೆಂದು ಓದಬಹುದು.

ದಕ್ಷಿಣ ಆಫ್ರಿಕದ ಬೋಅರ್ ಯುದ್ಧದಲ್ಲಿ (1899–1902) ಬ್ರಿಟಿಷ್ ಸೈನಿಕರು ಜೇಬುಗಡಿಯಾರಗಳನ್ನು ಚರ್ಮದ ಪಟ್ಟಿಗೆ ಹೊಂದಿಸಿ ಮುಂಗೈಗೆ ಕಟ್ಟಿಕೊಂಡಿದ್ದರು. ಬಂದೂಕು ಹಿಡಿದವನಿಗೆ ಜೇಬಿಗೆ ಕೈ ಹಾಕುವ ಪುರುಸೊತ್ತು ಇರುವುದಿಲ್ಲ. ಈ ಅಭ್ಯಾಸ ಊರಿಗೆ ಮರಳಿದವರ ಜೊತೆ ಬಂದೇ ಬರುತ್ತದೆಂದು ಲೆಕ್ಕ ಹಾಕಿದ ವಿಲ್ಸ್‌ಡಾರ್ಫ್, ಸ್ವಿಟ್ಜರ್ಲೆಂಡಿನ ಬಿಯೆನ್ ಪಟ್ಟಣದ ಹರ್ಮನ್ ಎಗ್ಲರ್ ಅವರ ಕಾರ್ಖಾನೆಗೆ ಸಣ್ಣ ಯಂತ್ರಭಾಗಗಳಿಗಾಗಿ ತಮ್ಮ ಸಂಸ್ಥೆಯ ಬಂಡವಾಳಕ್ಕೂ ಮೀರಿದ ಬೇಡಿಕೆ ಸಲ್ಲಿಸಿದರು. ಎಗ್ಲರ್ ಕುಟುಂಬದೊಂದಿಗೆ ಅಂದು ಕೂಡಿಬಂದ ಈ ಸಂಬಂಧ ಒಂದು ಶತಮಾನದಷ್ಟು ಕಾಲ ಬಾಳಿತು. ರೋಲೆಕ್ಸ್ ಯಂತ್ರಗಳ ನಿಜವಾದ ತವರು ಜಿನೀವಾಕ್ಕಿಂತ ಹೆಚ್ಚಾಗಿ ಬಿಯೆನ್ ಎಂದರೆ ತಪ್ಪಾಗದು.

ರೋಲೆಕ್ಸ್ ಎಂಬ ಹೆಸರು

1908ರಲ್ಲಿ ರೋಲೆಕ್ಸ್ ಎಂಬ ಹೆಸರು ಸ್ವಿಟ್ಜರ್ಲೆಂಡಿನಲ್ಲಿ ನೋಂದಣಿಯಾಯಿತು. ಅದಕ್ಕೆ ನಿಶ್ಚಿತವಾದ ಅರ್ಥವಿಲ್ಲ. ಯಾವ ಭಾಷೆಯವರ ನಾಲಿಗೆಗೂ ಸುಲಭವಾಗಬೇಕು, ಚಿಕ್ಕ ಮುಖಫಲಕದ ಮೇಲೆ ಹಿಡಿಸಬೇಕು ಎಂಬ ಎರಡು ನಿಬಂಧನೆಗಳನ್ನಿಟ್ಟುಕೊಂಡು ಅವರು ಅಕ್ಷರಗಳನ್ನು ನೂರಾರು ಬಗೆಯಲ್ಲಿ ಜೋಡಿಸಿ ನೋಡಿದ್ದರಂತೆ. ಕೊನೆಗೆ ಲಂಡನ್ನಿನ ಚೀಪ್‌ಸೈಡ್ ಬೀದಿಯಲ್ಲಿ ಕುದುರೆ ಬಂಡಿಯ ಮೇಲಂತಸ್ತಿನಲ್ಲಿ ಹೋಗುತ್ತಿದ್ದಾಗ ಯಾವುದೋ ಯಕ್ಷನು ಕಿವಿಯಲ್ಲಿ ಈ ಹೆಸರನ್ನು ಉಸುರಿದನೆಂದು ಅವರೇ ಹೇಳಿಕೊಂಡಿದ್ದಾರೆ. ಜಾಹೀರಾತಿನ ಮರ್ಮ ಬಲ್ಲವರೊಬ್ಬರು ಮುಪ್ಪಿನಲ್ಲಿ ಹೇಳಿದ ಕಥೆ ಇದೆಂಬುದನ್ನು ಮರೆಯಬಾರದು.

ಹೆಸರನ್ನು ಕಂಡುಕೊಳ್ಳುವುದಕ್ಕಿಂತ ಅದನ್ನು ಗಡಿಯಾರದ ಮೇಲೆ ಬರೆಸುವುದು ಕಷ್ಟವಾಯಿತು. ಆಗ ಇಂಗ್ಲೆಂಡಿನಲ್ಲಿ ಮುಖಫಲಕದ ಮೇಲೆ ಇರುತ್ತಿದ್ದದ್ದು ಮಾರುವ ಅಂಗಡಿಯ ಹೆಸರು. ತಯಾರಕನ ಹೆಸರು ಕೊಳ್ಳುವವನಿಗೆ ತಿಳಿಯುತ್ತಲೇ ಇರಲಿಲ್ಲ. ವಿಲ್ಸ್‌ಡಾರ್ಫ್ ಪ್ರತಿ ಆರು ಗಡಿಯಾರಗಳ ಪೆಟ್ಟಿಗೆಯಲ್ಲಿ ಒಂದರ ಮೇಲೆ ಮಾತ್ರ ರೋಲೆಕ್ಸ್ ಎಂದು ಬರೆಸಿ ಕಳುಹಿಸಿದರು. ಅಂಗಡಿಯವರು ಗೊಣಗಿ ಸುಮ್ಮನಾದರು. ವರ್ಷಗಳು ಉರುಳಿದಂತೆ ಒಂದು ಎರಡಾಯಿತು, ಎರಡು ಮೂರಾಯಿತು. ಎಲ್ಲ ಗಡಿಯಾರಗಳ ಮೇಲೂ ಸಂಸ್ಥೆಯ ಹೆಸರು ಬರಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಹಳೆಯ ಗಡಿಯಾರ ಸಂಗ್ರಹಿಸುವವರಿಗೆ ಇದರಿಂದ ಒಂದು ಉಪಯೋಗವಾಗಿದೆ: 1910 ಮತ್ತು 1920ರ ದಶಕಗಳ ಬ್ರಿಟಿಷ್ ಗಡಿಯಾರಗಳಲ್ಲಿ ಹೊರಗೆ ಯಾವ ಹೆಸರೂ ಇಲ್ಲದೆ, ಕವಚದ ಒಳಮೈಯಲ್ಲಿ ಮಾತ್ರ ವಿಲ್ಸ್‌ಡಾರ್ಫ್ ಅಥವಾ ರೋಲೆಕ್ಸ್ ಗುರುತು ಇರುವವು ಈಗಲೂ ಸಿಗುತ್ತವೆ.

ನಿಖರತೆಯ ಪರೀಕ್ಷೆ

ನಿಖರತೆಯ ಆಕ್ಷೇಪಕ್ಕೆ ಉತ್ತರ ಮೊದಲು ಸಿಕ್ಕಿತು. 1910ರಲ್ಲಿ ಬಿಯೆನ್ ಪಟ್ಟಣದ ಅಧಿಕೃತ ಪರೀಕ್ಷಾ ಕೇಂದ್ರವು ರೋಲೆಕ್ಸ್ ಕೈಗಡಿಯಾರವೊಂದಕ್ಕೆ ಕ್ರೋನೋಮೀಟರ್ ಪ್ರಮಾಣಪತ್ರ ನೀಡಿತು. 15 ಜುಲೈ 1914ರಂದು ಇಂಗ್ಲೆಂಡಿನ ಕ್ಯೂ ವೀಕ್ಷಣಾಲಯ ಮತ್ತೊಂದಕ್ಕೆ ಎ ದರ್ಜೆಯ ಪ್ರಮಾಣಪತ್ರ ಕೊಟ್ಟಿತು. ಆವರೆಗೆ ಈ ಪತ್ರ ಹಡಗಿನ ಕ್ರೋನೋಮೀಟರುಗಳಿಗೂ ಉತ್ತಮ ಜೇಬುಗಡಿಯಾರಗಳಿಗೂ ಮಾತ್ರ ಸಿಗುತ್ತಿತ್ತು. ಪರೀಕ್ಷೆ 45 ದಿನಗಳದು. ಗಡಿಯಾರವನ್ನು ಐದು ಭಂಗಿಗಳಲ್ಲಿ, ಮೂರು ಉಷ್ಣತೆಗಳಲ್ಲಿ ನಡೆಸಿ ನೋಡಲಾಗುತ್ತಿತ್ತು. ಮೂರು ವಾರ ಕಳೆಯುವಷ್ಟರಲ್ಲಿ ಬ್ರಿಟನ್ ಮತ್ತು ಜರ್ಮನಿಗಳ ನಡುವೆ ಯುದ್ಧ ಆರಂಭವಾಯಿತು.

ಇಲ್ಲಿ ಎರಡು ಪದಗಳ ವ್ಯತ್ಯಾಸವನ್ನು ಹೇಳಬೇಕು. ಏಕೆಂದರೆ ಕೊಳ್ಳುವವರೂ ಎಷ್ಟೋ ಸಲ ಮಾರುವವರೂ ಅವುಗಳನ್ನು ಬೆರೆಸುತ್ತಾರೆ. ಕ್ರೋನೋಮೀಟರ್ ಎಂದರೆ ನಿಖರತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಡಿಯಾರ. ಕ್ರೋನೋಗ್ರಾಫ್ ಎಂದರೆ ಗುಂಡಿ ಒತ್ತಿದಾಗ ಹೊರಟು, ಮತ್ತೆ ಒತ್ತಿದಾಗ ನಿಂತು, ಸೊನ್ನೆಗೆ ಮರಳುವ ಪ್ರತ್ಯೇಕ ಸೆಕೆಂಡಿನ ಮುಳ್ಳುಳ್ಳ ಗಡಿಯಾರ. ಒಂದು ಗಡಿಯಾರ ಎರಡೂ ಆಗಿರಬಹುದು, ಎರಡೂ ಆಗದಿರಬಹುದು. ವಿಲ್ಸ್‌ಡಾರ್ಫ್ ಅವರ ಒಲವೆಲ್ಲ ಮೊದಲನೆಯದರ ಕಡೆಗಿತ್ತು.

ಯುದ್ಧ ಮತ್ತು ಜಿನೀವಾ

1911ರಲ್ಲಿ ಇಂಗ್ಲಿಷ್ ಮಹಿಳೆ ಫ್ಲಾರೆನ್ಸ್ ಕ್ರಾಟಿ ಅವರನ್ನು ವಿವಾಹವಾಗಿದ್ದ ವಿಲ್ಸ್‌ಡಾರ್ಫ್ ಬ್ರಿಟಿಷ್ ಪ್ರಜೆಯಾಗಿದ್ದರು. ಆದರೂ ಯುದ್ಧಕಾಲದ ಲಂಡನ್ನಿನಲ್ಲಿ ಜರ್ಮನ್ ಹೆಸರಿನ ಫಲಕ ಹೊತ್ತ ಅಂಗಡಿಗೆ ಕ್ಷೇಮವಿರಲಿಲ್ಲ. 1915ರಲ್ಲಿ ಸಂಸ್ಥೆಯ ಹೆಸರಿನಿಂದ ವಿಲ್ಸ್‌ಡಾರ್ಫ್ ಎಂಬುದನ್ನು ತೆಗೆದು ರೋಲೆಕ್ಸ್ ವಾಚ್ ಕಂಪನಿ ಎಂದು ಬದಲಿಸಲಾಯಿತು. ಅದೇ ವರ್ಷ ಬ್ರಿಟಿಷ್ ಸರ್ಕಾರ ಗಡಿಯಾರಗಳೂ ಸೇರಿದಂತೆ ಭೋಗವಸ್ತುಗಳ ಆಮದಿನ ಮೇಲೆ ಶೇಕಡ 33ಕ್ಕೂ ಹೆಚ್ಚಿನ ಸುಂಕ ಹೇರಿತು. ಸ್ವಿಟ್ಜರ್ಲೆಂಡಿನಿಂದ ಲಂಡನ್ನಿಗೆ ತಂದು ಅಲ್ಲಿಂದ ಹೊರದೇಶಗಳಿಗೆ ಕಳುಹಿಸುವ ವ್ಯಾಪಾರದ ಲೆಕ್ಕ ಇದರಿಂದ ತಲೆಕೆಳಗಾಯಿತು. ಯುದ್ಧ ಮುಗಿದ ಮೇಲೆ ಅವರು ಕಾರ್ಯಸ್ಥಾನವನ್ನು ಜಿನೀವಾಕ್ಕೆ ಒಯ್ದರು. 1920ರಲ್ಲಿ ಮೋಂತ್ರ ರೋಲೆಕ್ಸ್ ಎಂಬ ಸಂಸ್ಥೆ ಅಲ್ಲಿ ನೋಂದಣಿಯಾಯಿತು.

ಕಂದಕಗಳ ಯುದ್ಧವು ಕೈಗಡಿಯಾರದ ಕುರಿತ ವಾದವನ್ನೂ ಮುಗಿಸಿತ್ತು. ಫಿರಂಗಿ ದಾಳಿ ಮತ್ತು ಪದಾತಿಯ ಮುನ್ನಡೆಯನ್ನು ನಿಮಿಷದ ಲೆಕ್ಕದಲ್ಲಿ ಹೊಂದಿಸಬೇಕಾದ ಅಧಿಕಾರಿಗಳ ಕೈಯಲ್ಲಿ ಅದನ್ನು ಕಂಡ ಮೇಲೆ ಹೆಂಗಸರ ಬಳೆಯೆಂದು ನಗುವವರು ಉಳಿಯಲಿಲ್ಲ.

ಆಯ್‌ಸ್ಟರ್ ಮತ್ತು ಪರ್ಪೆಚುಯಲ್

ಉಳಿದದ್ದು ಧೂಳು ಮತ್ತು ನೀರು. ಕವಚಕ್ಕೆ ತಿರುಪು ಹಾಕಿ ಬಿಗಿಯುವುದು ಹೊಸ ಸಂಗತಿಯಾಗಿರಲಿಲ್ಲ. ಕೀಲಿ ಕೊಡುವ ಗುಂಡಿಯ ಕಡ್ಡಿ ಒಳಹೋಗುವ ರಂಧ್ರವೇ ತೊಡಕಾಗಿತ್ತು. ಪೆರೆಗೋ ಮತ್ತು ಪೆರೆ ಎಂಬ ಇಬ್ಬರು ಸ್ವಿಸ್ ತಯಾರಕರು 1925ರಲ್ಲಿ ಗುಂಡಿಯನ್ನೇ ತಿರುಪಿನಂತೆ ಕವಚಕ್ಕೆ ಬಿಗಿಯುವ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದರು. ವಿಲ್ಸ್‌ಡಾರ್ಫ್ ಅದನ್ನು ಕೊಂಡು, ಸುಧಾರಿಸಿ, 1926ರಲ್ಲಿ ಆಯ್‌ಸ್ಟರ್ ಅಂದರೆ ಸಿಂಪಿ ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದರು.

ಜನ ನಂಬಲು ಪ್ರಾತ್ಯಕ್ಷಿಕೆ ಬೇಕಿತ್ತು. 7 ಅಕ್ಟೋಬರ್ 1927ರಂದು ಮರ್ಸಿಡೀಸ್ ಗ್ಲೈಟ್ಸ ಎಂಬ ಲಂಡನ್ನಿನ ಬೆರಳಚ್ಚುಗಾರ್ತಿ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದ ಮೊದಲ ಬ್ರಿಟಿಷ್ ಮಹಿಳೆಯೆನಿಸಿದರು. ಕೆಲವೇ ದಿನಗಳಲ್ಲಿ ಇನ್ನೊಬ್ಬಾಕೆ ತಾನೂ ದಾಟಿದೆನೆಂದು ಸುಳ್ಳು ಹೇಳಿ, ಬಳಿಕ ಅದನ್ನು ಒಪ್ಪಿಕೊಂಡ ಪ್ರಕರಣದಿಂದ ಗ್ಲೈಟ್ಸ ಅವರ ಸಾಧನೆಯ ಮೇಲೂ ಸಂಶಯದ ನೆರಳು ಬಿದ್ದಿತು. ಅದನ್ನು ನಿವಾರಿಸಲು ಅವರು ಅಕ್ಟೋಬರ್ 21ರಂದು ಸಾಕ್ಷಿಗಳೆದುರು ಮತ್ತೆ ನೀರಿಗಿಳಿದರು. ವಿಲ್ಸ್‌ಡಾರ್ಫ್ ಅವರಿಗೆ ಒಂದು ಆಯ್‌ಸ್ಟರ್ ಗಡಿಯಾರ ಕೊಟ್ಟಿದ್ದರು. ಆಕೆ ಅದನ್ನು ಪಟ್ಟಿಗೆ ಕಟ್ಟಿ ಕೊರಳಲ್ಲಿ ಧರಿಸಿದ್ದರು. ನೀರು ವಿಪರೀತ ತಣ್ಣಗಿತ್ತು. ಹತ್ತು ಗಂಟೆಗೂ ಹೆಚ್ಚು ಕಾಲ ಈಜಿದ ಮೇಲೆ ದಡ ಮುಟ್ಟುವ ಮೊದಲೇ ಅವರನ್ನು ದೋಣಿಗೆ ಎತ್ತಿಕೊಳ್ಳಬೇಕಾಯಿತು. ಆದರೆ ಅವರ ಸಹನಶಕ್ತಿಯನ್ನು ಕಂಡವರಲ್ಲಿ ಸಂಶಯ ಉಳಿಯಲಿಲ್ಲ, ಗಡಿಯಾರವೂ ನಿಂತಿರಲಿಲ್ಲ. ನವೆಂಬರ್ 24ರ ಡೈಲಿ ಮೇಲ್ ಪತ್ರಿಕೆಯ ಮುಖಪುಟವನ್ನು ಪೂರ್ತಿಯಾಗಿ ಕೊಂಡು ವಿಲ್ಸ್‌ಡಾರ್ಫ್ ಈ ಸಂಗತಿಯನ್ನು ಸಾರಿದರು. ಎರಡನೆಯ ಈಜು ಪೂರ್ಣಗೊಳ್ಳಲಿಲ್ಲವೆಂಬ ಅಂಶ ಇಂತಹ ಪ್ರಚಾರಗಳಲ್ಲಿ ಹಿಂದೆ ಸರಿದು, ಗಡಿಯಾರ ಕಾಲುವೆಯನ್ನೇ ದಾಟಿತೆಂಬ ನಂಬಿಕೆ ಬಹುಕಾಲ ಉಳಿಯಿತು. ಅಂಗಡಿಗಳ ಕಿಟಕಿಗಳಲ್ಲಿ ಮೀನಿನ ತೊಟ್ಟಿಯೊಳಗೆ ಗಡಿಯಾರವನ್ನು ಮುಳುಗಿಸಿಟ್ಟು ತೋರಿಸುವ ಪದ್ಧತಿಯೂ ಈ ಕಾಲದ್ದು.

ಆಯ್‌ಸ್ಟರಿಗೆ ಒಂದು ದೌರ್ಬಲ್ಯವಿತ್ತು. ದಿನವೂ ಕೀಲಿ ಕೊಡಲು ಗುಂಡಿಯ ತಿರುಪನ್ನು ಬಿಚ್ಚಬೇಕು; ಮತ್ತೆ ಬಿಗಿಯಲು ಮರೆತರೆ ನೀರು ಒಳಗೆ. ಕೈಯ ಚಲನೆಯಿಂದಲೇ ಕೀಲಿ ಆಗುವ ಕೈಗಡಿಯಾರವನ್ನು ಬ್ರಿಟಿಷ್ ಕುಶಲಕರ್ಮಿ ಜಾನ್ ಹಾರ್ವುಡ್ 1920ರ ದಶಕದಲ್ಲೇ ರೂಪಿಸಿದ್ದರು. ಆದರೆ ಅವರ ಸಂಸ್ಥೆ ಆರ್ಥಿಕ ಮುಗ್ಗಟ್ಟಿನಲ್ಲಿ 1931ರ ಹೊತ್ತಿಗೆ ಮುಚ್ಚಿಹೋಯಿತು. ಹಾರ್ವುಡ್ ಯಂತ್ರದ ತೂಕದ ತುಂಡು ಎರಡು ತಡೆಗಳ ನಡುವೆ ತೊನೆಯುತ್ತಿತ್ತು. ಎಗ್ಲರ್ ಕಾರ್ಖಾನೆಯ ಎಮಿಲ್ ಬೋರರ್ ರೂಪಿಸಿದ ಯಂತ್ರದಲ್ಲಿ ಅದು ಪೂರ್ಣ ವೃತ್ತವಾಗಿ ಸುತ್ತುವಂತಿತ್ತು. 1931ರಲ್ಲಿ ಬಂದ ಈ ಪರ್ಪೆಚುಯಲ್ ಯಂತ್ರದಿಂದ ಗುಂಡಿಯನ್ನು ದಿನವೂ ಮುಟ್ಟುವ ಅಗತ್ಯವೇ ತಪ್ಪಿತು. ಇಂದಿನ ಬಹುತೇಕ ಸ್ವಯಂಚಾಲಿತ ಕೈಗಡಿಯಾರಗಳು ಈ ಮಾದರಿಯನ್ನೇ ಅನುಸರಿಸುತ್ತವೆ.

ಕ್ರೋನೋಗ್ರಾಫ್‌ಗಳು ಮತ್ತು ಯುದ್ಧಕೈದಿಗಳು

1930ರ ದಶಕದಿಂದ ರೋಲೆಕ್ಸ್ ಹೆಸರಿನಲ್ಲಿ ಕ್ರೋನೋಗ್ರಾಫ್ ಕೈಗಡಿಯಾರಗಳೂ ತಯಾರಾದವು. ಇವುಗಳ ಮೂಲ ಯಂತ್ರಗಳು ಎಗ್ಲರ್ ಕಾರ್ಖಾನೆಯವಲ್ಲ. ಹೆಚ್ಚಿನವನ್ನು ವಾಲ್‌ಜೂ ಸಂಸ್ಥೆಯಿಂದ ಕೊಂಡು ಬಳಸಲಾಗುತ್ತಿತ್ತು. ಗುಂಡಿಗಳಿಗಾಗಿ ಕವಚದಲ್ಲಿ ಹೆಚ್ಚುವರಿ ರಂಧ್ರಗಳು ಬೇಕಾಗುವುದರಿಂದ ಇವು ಆಯ್‌ಸ್ಟರ್ ತತ್ತ್ವಕ್ಕೆ ಸುಲಭವಾಗಿ ಒಗ್ಗುವಂತಿರಲಿಲ್ಲ. ಆಯ್‌ಸ್ಟರ್ ಕವಚ ಪಡೆದ ಮೊದಲ ಕ್ರೋನೋಗ್ರಾಫ್ ಎನ್ನಲಾಗುವ 3525 ಸಂಖ್ಯೆಯ ಮಾದರಿ ಎರಡನೆಯ ಮಹಾಯುದ್ಧದ ಆರಂಭದ ಹೊತ್ತಿಗೆ ಬಂದಿತು. ಎರಡು ಸೆಕೆಂಡಿನ ಮುಳ್ಳುಗಳುಳ್ಳ 4113 ಮಾದರಿ ಹನ್ನೆರಡರಷ್ಟು ಮಾತ್ರ ತಯಾರಾಗಿತ್ತೆಂದು ಸಂಗ್ರಾಹಕರ ಎಣಿಕೆ.

ಜರ್ಮನರಿಗೆ ಸೆರೆಸಿಕ್ಕ ಬ್ರಿಟಿಷ್ ಅಧಿಕಾರಿಗಳ ಗಡಿಯಾರಗಳನ್ನು ಕಿತ್ತುಕೊಳ್ಳಲಾಗುತ್ತಿದೆಯೆಂದು ತಿಳಿದಾಗ, ಅಂಥವರು ಸೆರೆಶಿಬಿರದಿಂದಲೇ ಪತ್ರ ಬರೆದು ಹೊಸ ಗಡಿಯಾರ ತರಿಸಿಕೊಳ್ಳಬಹುದು, ಹಣವನ್ನು ಯುದ್ಧ ಮುಗಿದ ಮೇಲೆ ಕೊಟ್ಟರೆ ಸಾಕು ಎಂಬ ವ್ಯವಸ್ಥೆಯನ್ನು ವಿಲ್ಸ್‌ಡಾರ್ಫ್ ಮಾಡಿದರು. ಯಾರು ಬದುಕಿ ಮರಳುತ್ತಾರೆ ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಇದು ಸಾಲವೂ ಹೌದು, ಯುದ್ಧದ ಫಲಿತಾಂಶದ ಬಗೆಗಿನ ಭರವಸೆಯೂ ಹೌದು. ಬಹುಪಾಲು ಕೈದಿಗಳು ಕಡಿಮೆ ಬೆಲೆಯ ಸರಳ ಮಾದರಿಗಳನ್ನು ಆರಿಸಿಕೊಂಡರು. ಇಂದಿನ ಪೋಲೆಂಡಿನಲ್ಲಿರುವ ಸ್ಟಾಲಾಗ್ ಲುಫ್ಟ್ 3 ಶಿಬಿರದಲ್ಲಿ ಚಮ್ಮಾರ ಕೆಲಸ ಮಾಡುತ್ತಿದ್ದ ಕಾರ್ಪೊರಲ್ ಕ್ಲೈವ್ ನಟಿಂಗ್ ಮಾತ್ರ 1943ರಲ್ಲಿ ದುಬಾರಿಯಾದ 3525 ಕ್ರೋನೋಗ್ರಾಫ್ ಕೇಳಿದರು. ವಿಲ್ಸ್‌ಡಾರ್ಫ್ ಸ್ವತಃ ಈ ಪತ್ರಕ್ಕೆ ಉತ್ತರಿಸಿ, ಯುದ್ಧ ನಡೆಯುತ್ತಿರುವಾಗ ಹಣದ ಚಿಂತೆ ಬೇಡವೆಂದು ತಿಳಿಸಿದ್ದರು. ಅದೇ ವರ್ಷ ಗಡಿಯಾರ ಶಿಬಿರ ತಲುಪಿತು. 1944ರ ಮಾರ್ಚ್‌ನಲ್ಲಿ ಅದೇ ಶಿಬಿರದಿಂದ 76 ಮಂದಿ ಸುರಂಗದ ಮೂಲಕ ಪಾರಾದರು. ಸಿಕ್ಕಿಬಿದ್ದವರಲ್ಲಿ 50 ಮಂದಿಯನ್ನು ಗುಂಡಿಟ್ಟು ಕೊಲ್ಲಲಾಯಿತು. ಪಹರೆಯವರ ಓಡಾಟದ ಅವಧಿಯನ್ನು ಅಳೆಯಲು ನಟಿಂಗ್ ಅವರ ಗಡಿಯಾರ ಬಳಕೆಯಾಗಿದ್ದಿರಬಹುದೆಂಬ ಮಾತು ಊಹೆ ಮಾತ್ರ. ಯುದ್ಧದ ನಂತರ ನಟಿಂಗ್ ಹಣ ಸಲ್ಲಿಸಿದರು. ಪತ್ರವ್ಯವಹಾರದೊಂದಿಗೆ ಉಳಿದುಬಂದ ಆ ಗಡಿಯಾರ 2007ರಲ್ಲಿ ಹರಾಜಾಯಿತು.

ಕೊನೆಯ ವರ್ಷಗಳು

1944ರಲ್ಲಿ ಫ್ಲಾರೆನ್ಸ್ ನಿಧನರಾದರು. ದಂಪತಿಗಳಿಗೆ ಮಕ್ಕಳಿರಲಿಲ್ಲ. 1945ರಲ್ಲಿ ಅವರು ಹಾನ್ಸ್ ವಿಲ್ಸ್‌ಡಾರ್ಫ್ ಪ್ರತಿಷ್ಠಾನವನ್ನು ಸ್ಥಾಪಿಸಿ, ತಮ್ಮ ಪಾಲಿನ ಒಡೆತನ ತಮ್ಮ ನಂತರ ಅದಕ್ಕೆ ಸೇರುವಂತೆ ವ್ಯವಸ್ಥೆ ಮಾಡಿದರು. ಇದರಿಂದಾಗಿ ಸಂಸ್ಥೆಯನ್ನು ವಾರಸುದಾರರು ಮಾರಿಬಿಡುವ ಅಥವಾ ಷೇರುಪೇಟೆಗೆ ಒಯ್ಯುವ ಸಾಧ್ಯತೆ ಇಲ್ಲವಾಯಿತು. ಲಾಭದ ಒಂದು ಭಾಗ ಜಿನೀವಾದ ಸಮಾಜಸೇವೆ, ಶಿಕ್ಷಣ ಮತ್ತು ಕಲಾ ಚಟುವಟಿಕೆಗಳಿಗೆ ಸಲ್ಲುತ್ತದೆ.

ಅದೇ ವರ್ಷ ಮುಖಫಲಕದ ಕಿಂಡಿಯಲ್ಲಿ ತಾನಾಗಿ ತಾರೀಖು ಬದಲಾಗುವ ಡೇಟ್‌ಜಸ್ಟ್ ಬಂದಿತು. ಹೆಚ್ಚು ಅಗ್ಗವಾದ ಟ್ಯೂಡರ್ ಗಡಿಯಾರಗಳಿಗಾಗಿ 1946ರಲ್ಲಿ ಪ್ರತ್ಯೇಕ ಸಂಸ್ಥೆ ರೂಪುಗೊಂಡಿತು. 1953ರಲ್ಲಿ ಮುಳುಗುಗಾರರಿಗಾಗಿ ಸಬ್‌ಮರೀನರ್, 1956ರಲ್ಲಿ ವಾರದ ಹೆಸರನ್ನೂ ಪೂರ್ಣವಾಗಿ ತೋರಿಸುವ ಡೇ-ಡೇಟ್ ಹೊರಬಂದವು. 1953ರ ಬ್ರಿಟಿಷ್ ಎವರೆಸ್ಟ್ ತಂಡಕ್ಕೂ ರೋಲೆಕ್ಸ್ ಗಡಿಯಾರಗಳನ್ನು ಒದಗಿಸಲಾಗಿತ್ತು. ಆದರೆ ಶಿಖರದ ಮೇಲೆ ಎಡ್ಮಂಡ್ ಹಿಲರಿ ಅವರ ಬಳಿ ಇದ್ದದ್ದು ಇಂಗ್ಲೆಂಡಿನ ಸ್ಮಿತ್ಸ್ ಗಡಿಯಾರ ಎಂಬುದು ಜಾಹೀರಾತುಗಳನ್ನು ಓದಿದವರಿಗೆ ಸಾಮಾನ್ಯವಾಗಿ ತಿಳಿದಿರುವುದಿಲ್ಲ. 23 ಜನವರಿ 1960ರಂದು ಝಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಅವರು ಟ್ರಿಯೆಸ್ಟ್ ನೌಕೆಯಲ್ಲಿ ಪೆಸಿಫಿಕ್ ಸಾಗರದ ಮರಿಯಾನ ಕಂದಕದ ತಳಕ್ಕಿಳಿದಾಗ, ನೌಕೆಯ ಹೊರಮೈಗೆ ಕಟ್ಟಿದ್ದ ಪ್ರಾಯೋಗಿಕ ಆಯ್‌ಸ್ಟರ್ ಸುಮಾರು 10,900 ಮೀಟರ್ ಆಳದಿಂದ ನಡೆಯುತ್ತಲೇ ಮೇಲೆ ಬಂದಿತು. ಅದಾಗಿ ಆರು ತಿಂಗಳೊಳಗೆ, ಜುಲೈ 6ರಂದು, ವಿಲ್ಸ್‌ಡಾರ್ಫ್ ಜಿನೀವಾದಲ್ಲಿ ನಿಧನರಾದರು.

ಸಂಗ್ರಾಹಕರ ಲೋಕದಲ್ಲಿ

ಡೇಟೋನ ಎಂದು ಪ್ರಸಿದ್ಧವಾದ ಕಾಸ್ಮೋಗ್ರಾಫ್ ಬಂದದ್ದು ವಿಲ್ಸ್‌ಡಾರ್ಫ್ ತೀರಿಕೊಂಡ ಮೂರು ವರ್ಷಗಳ ಬಳಿಕ, 1963ರಲ್ಲಿ. ಅದರ ಒಳಗೂ ವಾಲ್‌ಜೂ ಯಂತ್ರವೇ ಇತ್ತು, ದಿನವೂ ಕೀಲಿ ಕೊಡಬೇಕಾಗಿತ್ತು. ಸ್ವಯಂಚಾಲಿತ ಗಡಿಯಾರಗಳಿಗೆ ಹೆಸರಾದ ಸಂಸ್ಥೆಯಿಂದ ಇಂತಹದನ್ನು ಕೊಳ್ಳುವವರು ವಿರಳವಾಗಿದ್ದು, ಅಂಗಡಿಗಳಲ್ಲಿ ಅದು ವರ್ಷಗಟ್ಟಲೆ ಉಳಿಯುತ್ತಿತ್ತು. ಸಿಂಗರ್ ಎಂಬ ಫಲಕ ತಯಾರಕರು ರೂಪಿಸಿದ, ಕಿರುವೃತ್ತಗಳಲ್ಲಿ ಚೌಕದ ಗುರುತುಗಳಿರುವ ಬಣ್ಣದ ಮುಖಫಲಕವಂತೂ ಯಾರಿಗೂ ಬೇಡವಾಗಿತ್ತು. ಅಮೆರಿಕದ ನಟ ಪಾಲ್ ನ್ಯೂಮನ್ ಧರಿಸುತ್ತಿದ್ದದ್ದು ಅಂಥದ್ದನ್ನೇ ಎಂಬುದು 1980ರ ದಶಕದಲ್ಲಿ ಇಟಲಿಯ ಸಂಗ್ರಾಹಕರ ಗಮನಕ್ಕೆ ಬಂದ ಮೇಲೆ ಅದಕ್ಕೆ ಅವರ ಹೆಸರೇ ಅಂಟಿಕೊಂಡಿತು. ಹೆಂಡತಿ ಜೊಆನ್ ವುಡ್‌ವರ್ಡ್ ಕಾರನ್ನು ಜೋಪಾನವಾಗಿ ಓಡಿಸುವಂತೆ ಹಿಂಬದಿಯಲ್ಲಿ ಕೆತ್ತಿಸಿ ಕೊಟ್ಟಿದ್ದ ನ್ಯೂಮನ್ ಅವರ ಸ್ವಂತ ಗಡಿಯಾರ 2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.

ಇಂತಹ ಬೆಲೆಗಳಿಂದಾಗಿ ವಿಲ್ಸ್‌ಡಾರ್ಫ್ ಕಾಲದ ಕ್ರೋನೋಗ್ರಾಫ್‌ಗಳನ್ನೂ ಸಂಗ್ರಾಹಕರು ಹುಡುಕತೊಡಗಿದ್ದಾರೆ. ಇಲ್ಲಿ ಬೆಲೆ ನಿರ್ಧಾರವಾಗುವುದು ಚಿನ್ನದ ತೂಕದಿಂದಲ್ಲ. ಉಕ್ಕಿನ ಕವಚ ಚಿನ್ನದ್ದಕ್ಕಿಂತ ದುಬಾರಿಯಾಗಿರುವುದುಂಟು. ಮುಖಫಲಕ ಮೂಲದ್ದೇ, ಮುಳ್ಳುಗಳು ಆ ಮಾದರಿಗೆ ಸೇರಿದವೇ, ಕವಚವನ್ನು ಉಜ್ಜಿ ಹೊಳಪು ಮಾಡಿ ಅಂಚುಗಳನ್ನು ಸವೆಸಲಾಗಿದೆಯೇ ಎಂಬ ಪ್ರಶ್ನೆಗಳು ಮುಖ್ಯ. ಹಿಂದಿನ ತಲೆಮಾರಿನ ರಿಪೇರಿಯವರು ಗಿರಾಕಿಯ ಮೇಲಿನ ಪ್ರೀತಿಯಿಂದ ಮಾಸಿದ ಫಲಕವನ್ನು ಹೊಸದಾಗಿ ಬರೆಸಿ, ಕವಚವನ್ನು ತಿಕ್ಕಿ ಕೊಡುತ್ತಿದ್ದರು. ಅಂತಹ ಗಡಿಯಾರಗಳಿಗೆ ಇಂದು ಬೆಲೆ ಇಳಿಯುತ್ತದೆ. ಹಲವು ಗಡಿಯಾರಗಳ ಭಾಗಗಳನ್ನು ಸೇರಿಸಿ ಒಂದಾಗಿ ಮಾಡಿದವು, ಹೊಸದಾಗಿ ಮುದ್ರಿಸಿದ ಫಲಕಕ್ಕೆ ಹಳೆಯತನ ಬರಿಸಿದವು ಮಾರುಕಟ್ಟೆಯಲ್ಲಿ ಸಾಕಷ್ಟಿರುವುದರಿಂದ, ಮೂಲ ರಶೀದಿ ಮತ್ತು ಪತ್ರಗಳಿಗೆ ಗಡಿಯಾರದಷ್ಟೇ ಮಹತ್ವ ಬಂದಿದೆ. ನಟಿಂಗ್ ಅವರ 3525 ಮಾದರಿಗೆ ಸಂಗ್ರಾಹಕರಲ್ಲಿ ವಿಶೇಷ ಸ್ಥಾನ ದೊರೆತದ್ದು ಅದರೊಂದಿಗಿದ್ದ ಪತ್ರಗಳಿಂದಲೇ.

ಜಿನೀವಾದ ಆರ್ವ್ ನದಿಗೆ ಪ್ರತಿಷ್ಠಾನದ ನೆರವಿನಿಂದ ಕಟ್ಟಿದ ಸೇತುವೆಯೊಂದು 2012ರಲ್ಲಿ ಸಂಚಾರಕ್ಕೆ ತೆರೆಯಿತು. ಉಕ್ಕಿನ ಪಟ್ಟಿಗಳನ್ನು ಹೆಣೆದ ಕೊಳವೆಯಂತಿರುವ ಈ ಸೇತುವೆಗೆ ಹಾನ್ಸ್ ವಿಲ್ಸ್‌ಡಾರ್ಫ್ ಅವರ ಹೆಸರಿದೆ.